ಮಾಳಗಟ್ಟಿ ನೀರು ಚೆಲ್ಲಿದ ದಿನ

ವಿಷ ಬಿದ್ದ ನೀರು ತಾನಾಗಿಯೇ ಬಾಯಿಬಿಟ್ಟು "ನನ್ನನ್ನು ಮುಟ್ಟಬೇಡಿ" ಎಂದು ಹೇಳುವಂತಿದ್ದರೆ? ಈ ಪ್ರಶ್ನೆಯನ್ನು ಮೊದಲು ಕೇಳಿಕೊಂಡವರು ಡಾಕ್ಟರ್ ನಫೀಸಾ ಬಾಗವಾನ. ಉತ್ತರ ಹುಡುಕುತ್ತ ಪ್ರಯೋಗಶಾಲೆಯಲ್ಲಿ ತಲೆಗೂದಲು ಬೆಳ್ಳಗಾಗಿಸಿಕೊಂಡವರೂ ಅವರೇ. ಆ ಉತ್ತರವನ್ನು ತಂದು ಒಂದು ಊರಿನ ನಳಗಳಿಗೆ ಬಿಡುವ ಕೆಲಸ ಮಾತ್ರ ಮಾಳಗಟ್ಟಿ ನಗರಸಭೆಯ ವಿಪತ್ತು ನಿರ್ವಹಣಾ ಅಧಿಕಾರಿ ಮಂದಾಕಿನಿ ಕಡ್ಲಿಮಟ್ಟಿಯ ಪಾಲಿಗೆ ಬಂತು.

ಮಂದಾಕಿನಿ ಹೆದರುವ ಸ್ವಭಾವದವಳು. ಓಣಿಯ ತಿರುವಿಗೆ ಬಂದ ಮೇಲೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮನೆಗೆ ಹಿಂತಿರುಗಿ ನೋಡುವವಳು. ಸಿನಿಮಾ ಮಂದಿರದಲ್ಲಿ ಕೂಡುವ ಮೊದಲು ಹೊರಗೆ ಹೋಗುವ ಬಾಗಿಲು ಯಾವ ಕಡೆಗಿದೆ ಎಂದು ಕಣ್ಣಾಡಿಸುವವಳು. ಮನೆಯಲ್ಲಿ ಇದು ನಗೆಯ ವಿಷಯವಾಗಿತ್ತು, ಕಚೇರಿಯಲ್ಲಿ ಇದೇ ನೌಕರಿಯಾಗಿತ್ತು. ಇಡೀ ಊರಿನ ಪರವಾಗಿ ಹೆದರಲೆಂದು ಸರಕಾರ ಅವಳಿಗೆ ಸಂಬಳ ಕೊಡುತ್ತಿತ್ತು.

ಹೆದರಿಕೆಗೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ದೂರದ ರಾಜ್ಯವೊಂದರ ಊರಿನಲ್ಲಿ ಭಯೋತ್ಪಾದಕರು ಕುಡಿಯುವ ನೀರಿಗೆ ವಿಷ ಬೆರೆಸಿದ್ದರು. ಬಾಂಬಿಗೆ ಸದ್ದಿದೆ, ಬಂದೂಕಿಗೆ ಹೊಗೆಯಿದೆ. ಆ ವಿಷಕ್ಕೆ ಬಣ್ಣವೂ ಇರಲಿಲ್ಲ, ರುಚಿಯೂ ಇರಲಿಲ್ಲ. ಬೆಳಗಿನ ಚಹಾ ಕುಡಿದವರು ಕಪ್ಪು ಕೆಳಗಿಡುವ ಮೊದಲೇ ಕುಸಿದಿದ್ದರು. ಅಂದಿನಿಂದ ಪ್ರತಿ ಪಟ್ಟಣವೂ ಇಂಥ ದಿನಕ್ಕೊಂದು ತುರ್ತು ಯೋಜನೆ ಇಟ್ಟುಕೊಳ್ಳಬೇಕೆಂದು ಆದೇಶವಾಯಿತು. ಮಾಳಗಟ್ಟಿಯ ಯೋಜನೆಯನ್ನು ಬರೆದವಳು ಮಂದಾಕಿನಿ. ಅದರ ಜೀವಾಳ ನಫೀಸಾ ಅವರ 'ಕಾವಲುಕಣ'.

ಕಾವಲುಕಣವೆಂದರೆ ಧೂಳಿಗಿಂತ ನಯವಾದ ಮಣ್ಣಿನ ಪುಡಿ. ಅದರ ಒಂದೊಂದು ಕಣದ ಮೇಲೂ ನಮ್ಮ ನರಗಳಲ್ಲಿರುವಂಥದೇ ಒಂದು ಕಿಣ್ವವನ್ನು ಲೇಪಿಸಿರುತ್ತಾರೆ. ನರಗಳನ್ನು ಕೆಡಿಸುವ ವಿಷ ನೀರಿಗೆ ಬಿದ್ದರೆ, ಅದು ಮನುಷ್ಯನ ದೇಹಕ್ಕೆ ಹೋಗಿ ಹಿಡಿಯುವ ಬದಲು ಮೊದಲು ಈ ಲೇಪವನ್ನು ಹಿಡಿಯುತ್ತದೆ. ಲೇಪ ಬಿರಿಯುತ್ತದೆ, ಒಳಗೆ ಬಚ್ಚಿಟ್ಟ ಬಣ್ಣ ಹೊರಗೆ ಬರುತ್ತದೆ. ಜೀವಕ್ಕೆ ಅಪಾಯವಾಗುವುದಕ್ಕಿಂತ ಎಷ್ಟೋ ಕಡಿಮೆ ವಿಷಕ್ಕೇ ನೀರು ಕೆಂಪಾಗಿಬಿಡುತ್ತದೆ. ಹೊಲಕ್ಕೆ ಹೊಡೆದ ಔಷಧಿಯ ಸೋಂಕಿಗೆಲ್ಲ ಬೆಚ್ಚಿಬೀಳದಷ್ಟು ವಿವೇಕವನ್ನೂ ನಫೀಸಾ ಅದಕ್ಕೆ ಕಲಿಸಿದ್ದರು.

ಅಣಕು ಕಾರ್ಯಾಚರಣೆಯ ದಿನ ನಿಯಂತ್ರಣ ಕೊಠಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋಟೆ ಓಣಿಯ ಕೊಳವೆಗೆ, ಮನುಷ್ಯರಿಗೆ ಏನೂ ಮಾಡದ ಆದರೆ ಕಾವಲುಕಣವನ್ನು ಎಬ್ಬಿಸುವ ಒಂದು ಔಷಧಿ ಬಿಡಲಾಗಿತ್ತು. ಓಣಿಯವರಿಗೆ ಮುನ್ಸೂಚನೆ ಕೊಡಕೂಡದು, ಕೊಟ್ಟರೆ ಜನ ನಿಜವಾಗಿ ಏನು ಮಾಡುತ್ತಾರೆಂದು ತಿಳಿಯುವುದಿಲ್ಲ ಎಂದು ಮಂದಾಕಿನಿಯೇ ಹಟ ಹಿಡಿದಿದ್ದಳು. ಅವಳ ಮನೆಯೂ ಅದೇ ಓಣಿಯಲ್ಲಿತ್ತು.

ಪರದೆಯ ಮೇಲೆ ಓಣಿಯ ನಳದ ಚಿತ್ರ ಕಾಣುತ್ತಿತ್ತು. ನೀರು ಬಂತು. ಮೊದಲು ತಿಳಿ, ಆಮೇಲೆ ಗುಲಾಬಿ, ಆಮೇಲೆ ಕುಂಕುಮ ಕದಡಿದಂಥ ಕೆಂಪು. ಸಾಲಿನಲ್ಲಿದ್ದ ಹೆಂಗಸರು ಕೊಡಗಳನ್ನು ಪಕ್ಕಕ್ಕೆ ಸರಿಸಿ ಹಿಂದೆ ನಿಂತರು. ಅದೇ ಗಳಿಗೆಗೆ ಎಲ್ಲರ ಮೊಬೈಲಿಗೂ ಎಚ್ಚರಿಕೆಯ ಸಂದೇಶ ಹೋಯಿತು. ಕೊಠಡಿಯಲ್ಲಿ ಚಪ್ಪಾಳೆ ಬಿತ್ತು.

"ಮೇಡಂ, ನಮ್ಮೂರು ಪಾಸ್," ಎಂದರು ಪೌರಾಯುಕ್ತ ಜಾಲಿಹಾಳ. "ಇವತ್ತ ಜಿಲ್ಲಾಧಿಕಾರಿಗಳಿಗೆ ವರದಿ ಕಳಸ್ತೀನಿ. ಫಕೀರೇಶ, ಪೇಢೆ ಎಲ್ಲಿಟ್ಟೀಯೋ?"

ಫಕೀರೇಶ ಸಹಾಯವಾಣಿಯ ಫೋನಿಗೆ ಕೂಡುವ ಗುಮಾಸ್ತ. ಅವನು ಪೆಟ್ಟಿಗೆ ತೆರೆದ. ಎಲ್ಲರೂ ಪೇಢೆಯ ಕಡೆಗೆ ತಿರುಗಿದರು, ಪರದೆಯ ಕಡೆಗೆ ಮತ್ತೆ ಯಾರೂ ತಿರುಗಲಿಲ್ಲ.

ಸಂಜೆ ಮಂದಾಕಿನಿ ಹಗುರವಾದ ಮನಸ್ಸಿನಿಂದ ಮನೆಗೆ ಬಂದಳು. ಗಂಡನಿಗೆ ಬೇರೆ ಜಿಲ್ಲೆಯಲ್ಲಿ ನೌಕರಿ. ಮನೆಯಲ್ಲಿ ಅವಳು ಮತ್ತು ಅತ್ತೆ ನೀಲವ್ವ ಇಬ್ಬರೇ. ನೀಲವ್ವ ಚಹಾ ತಂದಿಟ್ಟಳು. ಮಂದಾಕಿನಿ ಅರ್ಧ ಕಪ್ಪು ಒಂದೇ ಉಸಿರಿಗೆ ಕುಡಿದಳು.

"ಚಹಾ ಭಾಳ ಛಲೋ ಆಗೇತ್ರಿ ಅತ್ತಿ."

"ಆಗದ ಏನು? ಹೊಸಾ ನೀರಿಂದ ಮಾಡೀನಿ."

"ಹೊಸಾ ನೀರು ಅಂದ್ರ?"

"ಇವತ್ತ ನಳಾ ಬಂದಿತ್ತಲ್ಲ, ಆ ನೀರು."

ಮಂದಾಕಿನಿಯ ಕೈ ಕಪ್ಪಿನ ಮೇಲೆಯೇ ನಿಂತಿತು. "ಅದು ಕೆಂಪ ಬಂದಿತ್ತಲ್ರಿ?"

"ಬಂತು. ಅದರಾಗೇನೈತಿ ಅಂಥಾದ್ದು?" ಎಂದಳು ನೀಲವ್ವ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ಮಳಿಗಾಲದಾಗ ನಿಮ್ಮ ನಗರಸಭೆ ಬಿಡೂದು ಇದಕ್ಕಿಂತ ರಾಡಿ ಇರ್ತೈತಿ. ಮೊದಲನೇ ನೀರು ಚರಂಡಿಗೆ ಬಿಟ್ನಿ, ಉಳದದ್ದು ತುಂಬಿಕೊಂಡು ಪಟಿಕದ ಕಲ್ಲು ಆಡಿಸಿ ಇಟ್ನಿ. ಮಧ್ಯಾಹ್ನ ಅನ್ನೂದ್ರಾಗ ಕೆಂಪೆಲ್ಲಾ ಕೆಳಗ ಕೂತು ಮ್ಯಾಲ ಕಣ್ಣೀರಿನಂಗ ತಿಳಿ ಆತು."

"ಮೊಬೈಲಿಗೆ ಸಂದೇಶ ಬಂದಿತ್ತಲ್ರಿ, ನೀರು ಮುಟ್ಟಬ್ಯಾಡ್ರಿ ಅಂತ?"

"ನಳಾ ಬಂದಾಗ ಮೊಬೈಲ್ ಯಾರು ಹಿಡಕೋತಾರ ಮಂದಾ? ಕೈಯಾಗ ಕೊಡ ಇರ್ತೈತಿ."

ಮಂದಾಕಿನಿ ಕಪ್ಪನ್ನು ಕೆಳಗಿಟ್ಟಳು. ಆ ನೀರಿನಲ್ಲಿ ಹಾನಿಕರವಾದದ್ದೇನೂ ಇಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಉಳಿದರ್ಧ ಕುಡಿಯಲಿಲ್ಲ. ಇವತ್ತಿನದು ಅಣಕು ಆಗಿರದಿದ್ದರೆ, ಊರಿನ ತುರ್ತು ಯೋಜನೆಯನ್ನು ಬರೆದ ಅಧಿಕಾರಿ ತನ್ನ ಮನೆಯ ಕಟ್ಟೆಯ ಮೇಲೆ, ಚಹಾ ಚೆನ್ನಾಗಿದೆ ಎನ್ನುತ್ತ ಸತ್ತಿರುತ್ತಿದ್ದಳು.

ಚಪ್ಪಲಿ ಮೆಟ್ಟಿಕೊಂಡು ಓಣಿಗಿಳಿದಳು. ಮನೆ ಮನೆಯಲ್ಲೂ ಅದೇ ಕತೆ. ಮಾಳಗಟ್ಟಿಗೆ ನೀರು ಬರುವುದು ವಾರಕ್ಕೊಮ್ಮೆ, ಕೆಲವೊಮ್ಮೆ ಅದೂ ಇಲ್ಲ. ಬಂದ ನೀರಿನಲ್ಲಿ ಒಂದು ತಂಬಿಗೆಯನ್ನೂ ಯಾರೂ ಬಿಡುವುದಿಲ್ಲ. ಕೊಡ, ಹಂಡೆ, ಬ್ಯಾರಲ್ಲು, ಕೊನೆಗೆ ಚಹಾದ ಪಾತ್ರೆ ಕೂಡ ತುಂಬಿದ ಮೇಲೆಯೇ ಮಾತು. ಕ್ಯಾಮೆರಾದಲ್ಲಿ ಕೊಡ ಸರಿಸಿ ಹಿಂದೆ ನಿಂತ ಹೆಂಗಸರು ಹೆದರಿ ನಿಂತಿರಲಿಲ್ಲ. ರಾಡಿ ಹೋಗಲೆಂದು ಕಾಯುತ್ತಿದ್ದರು. ಕೆಂಪು ನೀರೆಂದರೆ ಪಟಿಕ ಎನ್ನುವುದು ಮಂದಾಕಿನಿಗೂ ಹುಟ್ಟಿದಾಗಿನಿಂದ ಗೊತ್ತು. ಸಣ್ಣವಳಿದ್ದಾಗ ಬಿಂದಿಗೆಯೊಳಗೆ ಕೈ ಇಳಿಬಿಟ್ಟು ಆ ಕಲ್ಲನ್ನು ಗರಗರ ತಿರುಗಿಸುವುದು ಅವಳದೇ ಕೆಲಸವಾಗಿತ್ತು. ಯೋಜನೆ ಬರೆಯಲು ಕೂತಾಗ ಅದೊಂದೂ ನೆನಪಿಗೆ ಬಂದಿರಲಿಲ್ಲ. ಅಲ್ಲಿ ಅವಳು 'ನಾಗರಿಕರು' ಎಂದು ಬರೆದಿದ್ದಳು, ನೀಲವ್ವ ಎಂದು ಬರೆದಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ನಫೀಸಾ ಅವರ ಪ್ರಯೋಗಶಾಲೆಗೆ ಹೋದಳು. ಕೈಚೀಲದಲ್ಲಿ ಒಂದು ಪಟಿಕದ ಕಲ್ಲಿತ್ತು.

ನಡೆದದ್ದನ್ನೆಲ್ಲ ಕೇಳಿದ ನಫೀಸಾ ಆ ಕಲ್ಲನ್ನು ಈಸಿಕೊಂಡರು. ಗಾಜಿನ ಕಪಾಟಿನೊಳಗೆ, ಉದ್ದ ಕೈಗವಸು ತೊಟ್ಟು, ಒಂದು ಪಾತ್ರೆ ನೀರಿಗೆ ಕಾವಲುಕಣ ಹಾಕಿದರು, ಒಂದು ತೊಟ್ಟು ನಿಜವಾದ ವಿಷ ಬಿಟ್ಟರು. ನೀರು ಕೆಂಪಾಯಿತು. ಅದರೊಳಗೆ ಪಟಿಕ ಆಡಿಸಿದರು. ಇಬ್ಬರೂ ಕುರ್ಚಿ ಎಳೆದುಕೊಂಡು ಕೂತು ಕಾದರು. ಕೆಂಪು ಮೆಲ್ಲಗೆ ಗರಿಗರಿಯಾಗಿ ಒಡೆಯಿತು, ಹಿಮದಂತೆ ಇಳಿಯಿತು, ತಳದಲ್ಲಿ ಕೂತಿತು. ಮೇಲಿನ ತಿಳಿನೀರನ್ನು ತೆಗೆದು ಪರೀಕ್ಷೆ ಮಾಡಿ ನೋಡಿದಾಗ ವಿಷ ಹಾಗೆಯೇ ಇತ್ತು.

"ಕಣ ಮಣ್ಣಿಂದು," ಎಂದರು ನಫೀಸಾ ಕೊನೆಗೆ. "ಪಟಿಕ ಮಣ್ಣು ಹಿಡದು ಕೆಳಗ ಎಳೀತೈತಿ. ಬಣ್ಣ ಮಣ್ಣಿಗೆ ಅಂಟಿಕೊಂಡಿರ್ತೈತಿ. ವಿಷ ನೀರಾಗ ಕರಗಿರ್ತೈತಿ, ಅದಕ್ಕೇನೂ ಆಗೂದಿಲ್ಲ. ಕಾವಲುಗಾರನ್ನ ಕಟ್ಟಿ ನೆಲಮಾಳಿಗ್ಯಾಗ ಕೂಡಿಸಿ, ಕಳ್ಳಗ ಚಾಪಿ ಹಾಸಿಕೊಟ್ಟಂಗಾತು."

ತಳದ ಕೆಂಪನ್ನೇ ನೋಡುತ್ತ ಅಂದರು: "ನನ್ನ ಅರ್ಧ ಆಯುಷ್ಯ, ಮಂದಾಕಿನಿ. ಕಿರಾಣಿ ಅಂಗಡ್ಯಾಗಿನ ಒಂದು ಕಲ್ಲು."

"ನಾ ಮೊದಲ ನೆನಸಬೇಕಿತ್ರಿ."

"ನನ್ನ ಮನ್ಯಾಗೂ ಐತಿ ಬಿಡು ಪಟಿಕ. ನಿನ್ನೊಬ್ಬಾಕಿ ತಪ್ಪಲ್ಲ." ನಫೀಸಾ ಕನ್ನಡಕ ತೆಗೆದು ಒರೆಸಿದರು. "ಪಟಿಕ ಹಾಕಬ್ಯಾಡ್ರಿ ಅಂತ ಡಂಗುರ ಹೊಡಸಿದ್ರ?"

"ಹಾಕದಿದ್ರ ಮಳಿಗಾಲದಾಗ ಮಕ್ಕಳಿಗೆ ಭೇದಿ ಹತ್ತತೈತ್ರಿ. ನಾವು ಕೊಡೂ ನೀರೇ ಹಂಗ ಇರ್ತೈತಿ."

"ಕರಗೂ ಬಣ್ಣ ಹಾಕ್ತೀನಿ. ಪಟಿಕಕ್ಕ ಸಿಗೂದಿಲ್ಲ."

ಮಂದಾಕಿನಿ ಒಲ್ಲೆನೆಂದು ಅಡ್ಡಡ್ಡ ತಲೆಯಾಡಿಸಿದಳು. ರಾತ್ರಿಯೆಲ್ಲ ಅವಳು ಇದನ್ನೇ ತಿರುವಿ ಹಾಕಿದ್ದಳು. "ಬಣ್ಣ ಅಂದ್ರ ನಮ್ಮ ಮಂದಿಗೆ ಹೆದರಿಕಿ ಇಲ್ರಿ. ಪಟಿಕಕ್ಕ ಹೋಗದಿದ್ರ ಬಟ್ಟಿ ಕಟ್ಟಿ ಸೋಸ್ತಾರ. ಅದಕ್ಕೂ ಹೋಗದಿದ್ರ ಕಾಸಿ ಕುಡೀತಾರ. ಎಚ್ಚರಿಕಿ ಕೊಡೂದು ದೊಡ್ಡ ಮಾತಲ್ರಿ ಡಾಕ್ಟರ. ತುಂಬಿದ ಕೊಡ ಚೆಲ್ಲಬೇಕು. ವಾರ ಕಾದು ಹಿಡದ ನೀರನ್ನ, ಯಾರ ಮಾತೂ ಕೇಳದ, ಅವರ ಕೈಯಾರೆ ಅವರೇ ಚೆಲ್ಲಬೇಕು. ಹಂಗ ಆಗೂದು ಏನೈತಿ ನಿಮ್ಮ ಕಪಾಟನ್ಯಾಗ?"

ಮೇಜಿನ ಮೇಲೆ ಸಣ್ಣ ಗ್ಯಾಸ್ ಒಲೆಯೊಂದಿತ್ತು. ಅದರ ಗುಬುಟಿಯನ್ನು ನಫೀಸಾ ಬೆರಳಿನಿಂದ ತಟ್ಟಿದರು. "ಅಡಿಗಿ ಗ್ಯಾಸಿಗೆ ವಾಸನಿ ಇರೂದಿಲ್ಲ, ಗೊತ್ತೇನು? ಸೋರಿದ್ದು ತಿಳೀಲಿ ಅಂತ ಕಂಪನಿಯವರು ಕೂಡಸ್ತಾರ. ಕಣದ ಹೊಟ್ಟ್ಯಾಗ ಬಣ್ಣದ ಬದಲಿ ವಾಸನಿ ತುಂಬಬಹುದು. ಅದು ನೀರಾಗ ಕರಗತೈತಿ, ಪಟಿಕಕ್ಕ ಸಿಗೂದಿಲ್ಲ, ಕಾಸಿದ್ರ ಇನ್ನೂ ಜೋರಾಗ್ತೈತಿ. ಆದ್ರ ಯಾವ ವಾಸನಿ ಅನ್ನೂದು ನೀ ಹೇಳಬೇಕು. ನಿನ್ನ ಊರು, ನಿನ್ನ ಮೂಗು."

ಹೀಗಾಗಿ ಒಂದು ಮಂಗಳವಾರ ನಗರಸಭೆಯ ಸಭಾಂಗಣದಲ್ಲಿ, ಚುನಾಯಿತ ಸದಸ್ಯರೆಲ್ಲ ಸಾಲಾಗಿ ಕೂತು ಸೀಸೆಗಳನ್ನು ಮೂಸುವ ವಿಚಿತ್ರ ಪ್ರಸಂಗ ನಡೆಯಿತು.

ಮೊದಲನೆಯದು ಕೊಳೆತ ಮೊಟ್ಟೆಯ ವಾಸನೆ. ಹಿರಿಯ ಸದಸ್ಯ ಬಸಲಿಂಗಪ್ಪ ತೋಟಗೇರ ಮೂಸಿ ನೋಡಿ ಸೀಸೆಯನ್ನು ಮುಂದಕ್ಕೆ ದಾಟಿಸಿದ. "ಇದು ನಮ್ಮ ವಾರ್ಡಿನ ಬೋರ್‌ವೆಲ್ಲು. ದಿನಾ ಕುಡೀತೀವಿ. ಬ್ಯಾರೆ ತೋರಸ್ರಿ."

ಎರಡನೆಯದು ಬ್ಲೀಚಿಂಗ್ ಪುಡಿ. "ನೀರು ಸ್ವಚ್ಛ ಮಾಡ್ಯಾರ, ಇವತ್ತ ಧೈರ್ಯಲೇ ಕುಡೀಬಹುದು," ಎಂದಳೊಬ್ಬ ಸದಸ್ಯೆ. ಮೂರನೆಯದು ಸೀಮೆಎಣ್ಣೆ. "ಬ್ಯಾರಲ್ಲು ಸರಿ ತೊಳದಿಲ್ಲ," ಎಂದು ನಾಲ್ವರು ಒಟ್ಟಿಗೇ ಹೇಳಿದರು. ನಾಲ್ಕನೆಯದು ಅಡುಗೆ ಗ್ಯಾಸಿನ ವಾಸನೆ. ಮೂಸಿದವರೆಲ್ಲ ಅಡುಗೆಮನೆಯ ನೆನಪಾಗಿ ಬೆಚ್ಚಿದರು. ಆದರೆ ಅಂಥ ವಾಸನೆ ಬಂದರೆ ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆಗೆದು, ಆಮೇಲೆ ಬಾಯಾರಿಕೆಗೆ ಒಂದು ಲೋಟ ನೀರು ಕುಡಿಯುವುದಾಗಿ ಹೇಳಿದರು.

ಐದನೆಯ ಸೀಸೆಯ ಬಿರಡೆ ತೆಗೆಯುವ ಮೊದಲು ಮಂದಾಕಿನಿ ಕಿಟಕಿಗಳನ್ನು ತೆರೆಸಿದಳು. ಬಿರಡೆ ತೆಗೆದಳಷ್ಟೆ, ಜಾಲಿಹಾಳ ಸಾಹೇಬರ ಕರವಸ್ತ್ರ ಮೂಗಿಗೆ ಹೋಯಿತು. ಬಸಲಿಂಗಪ್ಪ ಕುರ್ಚಿ ಬಿಟ್ಟು ಎದ್ದ.

"ಯಾರರ ಆ ಕಪಾಟು ಸರಸ್ರಿ. ಅದರ ಹಿಂದ ಇಲಿ ಸತ್ತೈತಿ."

"ಇಲಿ ಇಲ್ರಿ, ಈ ಸೀಸೆ," ಎಂದಳು ಮಂದಾಕಿನಿ. "ಇಂಥಾ ವಾಸನಿ ನಿಮ್ಮನಿ ಕೊಡದಾಗಿಂದ ಬಂದ್ರ ಏನ ಮಾಡ್ತೀರಿ?"

"ಏನ ಮಾಡೂದೈತ್ರಿ? ಕೊಡ ಸಮೇತ ತಿಪ್ಪಿಗೆ."

"ಪಟಿಕ ಹಾಕಿ ನೋಡೂದಿಲ್ಲೇನ್ರಿ?"

"ಇಲಿ ಸತ್ತ ನೀರಿಗೆ ಪಟಿಕಾ?" ಬಸಲಿಂಗಪ್ಪ ಬಾಗಿಲ ಬಳಿಯಿಂದಲೇ ಕೇಳಿದ. "ನಾವೇನು ಮನಶ್ಯಾರಲ್ಲೇನ್ರಿ?"

ಮಂದಾಕಿನಿ ಬಿರಡೆ ಮುಚ್ಚಿದಳು. "ಇದ ಬೇಕಾಗಿತ್ರಿ ನನಗ."

ಜಾಲಿಹಾಳರಿಗೆ ಮಾತ್ರ ಸಮಾಧಾನವಾಗಲಿಲ್ಲ. ಅಣಕು ಕಾರ್ಯಾಚರಣೆ ಗೆದ್ದಿತೆಂದು ಅವರ ವರದಿ ಆಗಲೇ ಮೇಲಕ್ಕೆ ಹೋಗಿತ್ತು. "ಬಣ್ಣ ಆದ್ರ ಕ್ಯಾಮೆರಾದಾಗ ಕಾಣತೈತಿ, ವರದಿಗೆ ಫೋಟೋ ಹಚ್ಚಬಹುದು. ವಾಸನಿಗೆ ಏನ ಹಚ್ಚೂದು? ಮಂದಿ ಮೊದಲ ನಮ್ಮ ನೀರಿಗೆ ಹೆಸರಿಡತಾರ. ನಾವೇ ಇಲಿ ವಾಸನಿ ಕೂಡಿಸಿ ಬಿಡೂದೇನ್ರಿ?"

"ವಿಷ ಬಿದ್ರ ಅಷ್ಟ ಬರ್ತೈತ್ರಿ ಸರ್."

"ಸುಮ್ಮಸುಮ್ಮನ ಬಂದ್ರ? ಯಾವುದರ ಟಾಕ್ಯಾಗ ಖರೇನೇ ಇಲಿ ಸತ್ರ?"

"ಖರೇನೇ ಇಲಿ ಸತ್ತಿದ್ರೂ ಚೆಲ್ಲಬೇಕಾದ ನೀರೇ ಅಲ್ರಿ ಅದು?"

ಸಭೆಯಲ್ಲಿ ನಗು ಎದ್ದಿತು. ನಗುವಿನ ನಡುವೆಯೇ ಬಸಲಿಂಗಪ್ಪ ಕೈಯೆತ್ತಿದ, ಅವನ ಹಿಂದೆ ಉಳಿದವರೂ ಎತ್ತಿದರು. ಜಾಲಿಹಾಳರು ನಿರ್ಣಯದ ಕೆಳಗೆ ಒಂದು ಸಾಲು ಸೇರಿಸಿದರು: ಈ ಬದಲಾವಣೆ ಸಂಪೂರ್ಣವಾಗಿ ವಿಪತ್ತು ನಿರ್ವಹಣಾ ಅಧಿಕಾರಿಯ ಹೊಣೆ. ಮಂದಾಕಿನಿ ಅದರ ಮುಂದೆ ಸಹಿ ಮಾಡಿದಳು. ಇನ್ನು ಮುಂದೆ ಊರಿನ ಒಂದೊಂದು ಕೊಡವೂ ಅವಳ ತಲೆಯ ಮೇಲೆಯೇ.

ನಫೀಸಾ ಹೊಸ ಕಣಗಳನ್ನು ಕಳಿಸಿದರು. ಮಂದಾಕಿನಿ ಯೋಜನೆಯನ್ನು ಮೊದಲಿನಿಂದ ತಿದ್ದಿದಳು. ಮೊಬೈಲ್ ಸಂದೇಶವನ್ನು ಕೊನೆಗೆ ತಳ್ಳಿ, ಕಸದ ಗಾಡಿಗಳ ಧ್ವನಿವರ್ಧಕವನ್ನು ಮುಂದೆ ತಂದಳು, ಏಕೆಂದರೆ ಆ ಗಾಡಿಯ ಹಾಡು ಕೇಳಿದರೆ ಊರಿನಲ್ಲಿ ಹೊರಗೆ ಬಾರದವರಿಲ್ಲ. ಚೆಲ್ಲಿದ ನೀರು ಚರಂಡಿಯಲ್ಲಿ ನಿಂತರೆ ಅಲ್ಲೂ ಅಪಾಯವೆಂದು, ವಿಷದ ಬಲ ಮುರಿಯುವ ಸುಣ್ಣದ ತಿಳಿಯನ್ನು ಗಾಡಿಗಳಲ್ಲಿ ತುಂಬಿಸಿಟ್ಟಳು. ಹಿಂದಿನ ಸರದಿಯ ನೀರು ಪ್ರತಿ ಮನೆಯಲ್ಲೂ ಒಂದಿಷ್ಟು ಉಳಿದಿರುತ್ತದೆಂದು ಲೆಕ್ಕ ಹಾಕಿದಳು. ವಾರಕ್ಕೊಮ್ಮೆ ನೀರು ಬರುವ ಊರಿಗೆ, ಎರಡು ದಿನ ನಳ ಬಂದ್ ಆದರೆ ಸಾಯುವ ಭಯವಿಲ್ಲ. ಊರಿನ ಈ ಕಷ್ಟವೇ ಊರಿನ ಕೋಟೆಯೆಂದು ಅವಳಿಗೆ ಅನ್ನಿಸಿದ್ದು ಆಗ.

ದೀಪಾವಳಿ ಕಳೆದು, ಬೆಳಗಿನ ಚಳಿ ಬೀಳತೊಡಗಿದ್ದ ದಿನಗಳು. ಅಂದು ಕೋಟೆ ಓಣಿಯ ಕಡೆಗೆ ನೀರು ಬಿಡುವ ಸರದಿ. ಮಂದಾಕಿನಿ ಎಂದಿನಂತೆ ಬೆಳಿಗ್ಗೆಯೇ ನಿಯಂತ್ರಣ ಕೊಠಡಿಗೆ ಬಂದಿದ್ದಳು. ನೀರು ಪರೀಕ್ಷಿಸಲು ಜಲಾಗಾರದಲ್ಲಿ ಕೂಡಿಸಿದ ಯಂತ್ರಗಳೆಲ್ಲ ಪರದೆಯ ಮೇಲೆ ಹಸಿರು ತೋರಿಸುತ್ತಿದ್ದವು. ಎಲ್ಲ ಸರಿಯಾಗಿತ್ತು.

ಸಹಾಯವಾಣಿ ರಿಂಗಾಯಿತು. ಫಕೀರೇಶ ಎತ್ತಿದ. ಆ ಕಡೆಯ ದನಿ ಕೊಠಡಿಗೆಲ್ಲ ಕೇಳಿಸಿತು.

"ಏನ್ರೀ ಇದು, ನೀರು ಬಿಟ್ಟೀರೋ ಹೆಣಾ ತೊಳದು ಬಿಟ್ಟೀರೋ? ಮನ್ಯಾಗ ನಿಲ್ಲಾಕ ಆಗವಲ್ದು."

"ಯವ್ವಾ, ದೂರು ತಗೊಂಡೀನಿ," ಎಂದ ಫಕೀರೇಶ, ಹೊಸ ವಾಸನೆಯ ಮಾತನ್ನೇ ಮರೆತು, ದಿನಕ್ಕೆ ಹತ್ತು ಸಲ ಹೇಳುವ ದನಿಯಲ್ಲಿ. "ಪೈಪಿನ್ಯಾಗ ಇಲಿ ಸಿಕ್ಕಿರಬೇಕು. ಮಂದೀನ ಕಳಸ್ತೀವಿ."

ಫೋನಿಟ್ಟು ನಕ್ಕ. ನಗುತ್ತಿದ್ದಂತೆಯೇ ಇನ್ನೊಂದು ಕರೆ ಬಂತು. ಅದೂ ಅದೇ ಮಾತು, ಬೇರೆ ಓಣಿ. ಆಮೇಲೆ ಮತ್ತೊಂದು.

ಮಂದಾಕಿನಿ ಎದ್ದು ನಿಂತಳು. ಒಂದು ಇಲಿ ಮೂರು ಓಣಿಗಳಲ್ಲಿ ಸಾಯುವುದಿಲ್ಲ.

"ವಾಲ್ವ್ ಬಂದ್ ಮಾಡ್ರಿ," ಎಂದಳು. ದನಿ ಏರಲಿಲ್ಲ. ಇಷ್ಟು ವರ್ಷ ಹೆದರಿದ್ದೆಲ್ಲ ಈ ಒಂದು ಗಳಿಗೆಗೆ ತಾಲೀಮೋ ಎಂಬಂತೆ ಅವಳ ಕೈಕಾಲು ಶಾಂತವಾಗಿದ್ದವು.

ಜಾಲಿಹಾಳರು ಒಳಗಿನ ಕೋಣೆಯಿಂದ ಓಡಿ ಬಂದರು. "ಯಂತ್ರ ಎಲ್ಲಾ ಹಸಿರು ತೋರಸಾಕತ್ತಾವಲ್ರಿ ಮೇಡಂ."

"ಯಂತ್ರ ಇರೂದು ಜಲಾಗಾರದಾಗ್ರಿ. ವಿಷ ಅದನ್ನ ದಾಟಿದ ಮ್ಯಾಲ ಬಿದ್ದೈತಿ. ಫಕೀರೇಶ, ಇನ್ನ ಬರೂ ಕರೆ ಎಲ್ಲಾ ಯಾವ ಮನಿಂದ ಅಂತ ಕೇಳು. ಬೈದ್ರ ಬೈಸಿಕೊ. ವಿಳಾಸ ಬಿಡಬ್ಯಾಡ."

ಕರೆಗಳು ಮಳೆಯಂತೆ ಸುರಿದವು. ಫಕೀರೇಶನ ಜೊತೆಗೆ ಜಾಲಿಹಾಳರೂ ಒಂದು ಫೋನು ಹಿಡಿದು ಕೂತರು. ಬರುವ ಒಂದೊಂದು ವಿಳಾಸಕ್ಕೂ ಮಂದಾಕಿನಿ ಗೋಡೆಯ ನಕ್ಷೆಯ ಮೇಲೆ ಒಂದು ಚುಕ್ಕೆ ಇಟ್ಟಳು. ಚುಕ್ಕೆಗಳು ಕೊಳವೆಯ ಹಾದಿಯಲ್ಲೇ ಮೂಡುತ್ತ ಬಂದವು. ಹಳೆಯ ಹತ್ತಿ ಗಿರಣಿಯಿಂದ ಕೆಳಗೆ ಎಲ್ಲ ಮನೆಗಳಲ್ಲೂ ವಾಸನೆ. ಗಿರಣಿಯ ಮೇಲಿನ ಓಣಿಯಿಂದ ಒಂದು ಕರೆಯೂ ಇರಲಿಲ್ಲ. ಅಲ್ಲಿಯ ಒಂದು ಮನೆಗೆ ಅವಳೇ ಫೋನು ಮಾಡಿದಳು. "ನೀರು ಛಲೋನೇ ಐತ್ರಿ, ಯಾಕ?" ಎಂದರು. ಯಾವ ಯಂತ್ರಕ್ಕೂ ಕಾಣದ ಜಾಗವನ್ನು ಊರಿನ ಮೂಗು ಹಿಡಿದು ತೋರಿಸಿತ್ತು.

"ಗಿರಣಿ ಗ್ವಾಡಿ ಹತ್ರ ನೋಡ್ರಿ," ಎಂದು ಪೊಲೀಸರಿಗೆ ಹೇಳಿದಳು.

ಆಮೇಲೆ ಮನೆಗೆ ಫೋನು ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ನೀಲವ್ವನಿಗೆ ಈಚೆಗೆ ನೆಗಡಿ ಎಂಬುದು ಆಗ ನೆನಪಾಯಿತು. ನೆಗಡಿಯಾದ ಮೂಗು. ಅವಳ ಕಣ್ಣ ಮುಂದೆ ಅಡುಗೆಮನೆಯ ಕಟ್ಟೆ, ಕುದಿಯುವ ಚಹಾ, ಕೆಳಗೆ ಉರುಳಿದ ಕಪ್ಪು ಬಂದವು.

"ಹೋಗ್ರಿ ಮೇಡಂ," ಎಂದ ಫಕೀರೇಶ, ಫೋನಿಗೆ ಕೈ ಅಡ್ಡ ಹಿಡಿದು.

"ಕಸದ ಗಾಡಿ ಹೊರಟಿಲ್ಲ ಇನ್ನೂ," ಎಂದಳು ಮಂದಾಕಿನಿ. ಗಾಡಿಗಳನ್ನು ಕಳಿಸಿದಳು. ಸುಣ್ಣದ ತಿಳಿಯನ್ನು ಹೊರಡಿಸಿದಳು. ಜಿಲ್ಲಾ ಆಸ್ಪತ್ರೆಗೆ ತಿಳಿಸಿದಳು. ಕೆಲಸ ಒಂದಾದ ಮೇಲೊಂದು, ಬರೆದಿಟ್ಟ ಹಾಗೆ. ನಡುನಡುವೆ ಮನೆಯ ಫೋನು ರಿಂಗಾಗಿ ರಿಂಗಾಗಿ ನಿಂತುಹೋಗುತ್ತಿತ್ತು.

ಗಿರಣಿಯ ಗೋಡೆಯ ಮರೆಯಲ್ಲಿ ಪೊಲೀಸರಿಗೆ ಹಾಲಿನ ವ್ಯಾನೊಂದು ಸಿಕ್ಕಿತು. ಅದರೊಳಗಿನ ಸಣ್ಣ ಪಂಪಿನ ಕೊಳವೆ, ರಸ್ತೆ ಬದಿಯ ಗುಂಡಿಯೊಳಗಿಳಿದು ನೀರಿನ ಕೊಳವೆಗೆ ಜೋಡಣೆಯಾಗಿತ್ತು. ಪಂಪು ಇನ್ನೂ ಓಡುತ್ತಿತ್ತು. ಕಾವಲಿದ್ದ ಇಬ್ಬರು ಓಡಲು ನೋಡಿದರು, ಗಿರಣಿಯ ಹಿಂದಿನ ಹೊಲದಲ್ಲಿ ಸಿಕ್ಕಿಬಿದ್ದರು. ಇಷ್ಟು ಬೇಗ ಯಾರಾದರೂ ಬರಬಹುದೆಂದು ಅವರು ಎಣಿಸಿರಲಿಲ್ಲ.

ಆಸ್ಪತ್ರೆಯ ಹಿರಿಯ ವೈದ್ಯರ ಕರೆ ಬಂತು. ಅವರ ದನಿಯಲ್ಲಿ ಗೊಂದಲವಿತ್ತು. "ಮೇಡಂ, ನಾವು ಮಂಚ ಖಾಲಿ ಮಾಡಿ, ಸಿರಿಂಜಿಗೆ ಔಷಧ ತುಂಬಿ ನಿಂತೀವಿ. ಒಬ್ಬರೂ ಬಂದಿಲ್ಲ. ನಮ್ಮ ಕಡೆ ಏನರ ತಪ್ಪಾಗೇತೇನ್ರಿ?"

"ಒಬ್ಬರೂ ಬಂದಿಲ್ಲಾ?"

"ಒಬ್ಬಾಂವ ಬಂದಾನ. ಓಣಿ ಎಲ್ಲಾ ನೀರಾಗಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಾನ."

ಮಂದಾಕಿನಿ ಫೋನಿಟ್ಟಳು. ಆಮೇಲೆ ಜಾಲಿಹಾಳರು ತಮ್ಮ ಜೀಪಿನ ಕೀಲಿಯನ್ನು ಚಾಲಕನ ಕೈಗೆ ಕೊಟ್ಟು, "ಮೇಡಮ್ಮರನ್ನ ಮನಿಗೆ ಬಿಡು, ಲಗೂನ," ಎಂದರು.

ಕೋಟೆ ಓಣಿಯ ಬಾಯಿಗೆ ಬಂದಾಗ ಜೀಪು ಮುಂದೆ ಹೋಗಲಿಲ್ಲ. ಓಣಿಗೆ ಓಣಿಯೇ ಹೊಳೆಯಾಗಿತ್ತು. ಒಂದು ಕೊಡ ನೀರಿಗೆ ಕೂದಲು ಹಿಡಿದು ಜಗಳಾಡುವ ಜನ, ಮೂಗಿಗೆ ಸೆರಗು ಕಟ್ಟಿಕೊಂಡು ಹಂಡೆಗಟ್ಟಲೆ ನೀರನ್ನು ಚರಂಡಿಗೆ ಬಗ್ಗಿಸುತ್ತಿದ್ದರು. ಬ್ಯಾರಲ್ಲುಗಳನ್ನು ಇಬ್ಬಿಬ್ಬರು ಸೇರಿ ಉರುಳಿಸುತ್ತಿದ್ದರು. ಮಹಡಿಯ ಮೇಲಿನ ಟಾಕಿಗಳಿಂದ ಧಾರೆ ಬೀಳುತ್ತಿತ್ತು. ಚರಂಡಿಯ ಪಕ್ಕಕ್ಕೆ ಸುಣ್ಣದ ಗಾಡಿ ಬೆಳ್ಳಗೆ ಸುರಿಯುತ್ತ ಮೆಲ್ಲಗೆ ಸಾಗುತ್ತಿತ್ತು. ಮತ್ತು ಇಡೀ ಓಣಿ ಒಂದೇ ದನಿಯಲ್ಲಿ ನಗರಸಭೆಯ ಏಳು ತಲೆಮಾರನ್ನು ಬೈಯುತ್ತಿತ್ತು.

ನಡುವೆ ನೀಲವ್ವ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಕೈಯಲ್ಲಿ ತಾಟು ಸೌಟು ಹಿಡಿದು ಬಡಿಯುತ್ತ, ಬಟ್ಟೆ ಒಗೆಯಲಾದರೂ ಇರಲೆಂದು ಒಂದು ಬಕೆಟ್ ಬಚ್ಚಿಡಲು ನೋಡಿದ ಪಕ್ಕದ ಮನೆಯವಳನ್ನು ಗದರಿಸುತ್ತಿದ್ದಳು.

"ಚೆಲ್ಲ ಅದನ್ನ. ಇಲಿ ಸತ್ತ ನೀರಾಗ ಗಂಡನ ಅಂಗಿ ಒಗೀತೀಯೇನ? ಅಂವ ಮೊದಲ ಹಂಗ ನಾರತಾನ."

ಮಂದಾಕಿನಿ ನೀರಿನಲ್ಲಿ ನಿಂತುಬಿಟ್ಟಳು. ನೀಲವ್ವ ಸೊಸೆಯನ್ನು ಕಂಡು ಅವಳ ಕಡೆಗೇ ತಿರುಗಿದಳು.

"ಬಾ ನೀ. ನಿನ್ನ ನಗರಸಭೆಗೆ ಬೆಂಕಿ ಹಚ್ಚ. ನೆಗಡಿ ಆದ ಮೂಗಿಗೂ ಹೊಡೀತು ನೋಡು ವಾಸನಿ. ಎರಡು ಹಂಡೆ, ಆರು ಕೊಡ, ಎಲ್ಲಾ ಹೋತು. ಏನ ಕೆಲಸಾ ಮಾಡತೀರಿ ನೀವು ಅಲ್ಲಿ ಕೂತು?"

"ಫೋನ್ ಮಾಡಿದ್ನಿ ಅತ್ತಿ, ಎತ್ತಲಿಲ್ಲ ನೀವು."

"ಯಾವ ಫೋನ? ಊರು ನಾರಾಕತ್ತೈತಿ ಇಲ್ಲಿ."

ಎಲ್ಲ ಕಡೆಯಿಂದಲೂ ಬೈಗುಳ ಬಂತು. ಒಂದೊಂದು ದನಿಯನ್ನೂ ಮಂದಾಕಿನಿ ಗುರುತು ಹಿಡಿದಳು. ದರ್ಜಿ, ಹೂವಿನವಳು, ನಿವೃತ್ತ ಮಾಸ್ತರರು, ಬಾಣಂತಿಯ ತಾಯಿ. ಬೈಯಬೇಕಾದರೆ ಉಸಿರು ಬೇಕು. ಎಲ್ಲರ ಉಸಿರೂ ಗಟ್ಟಿಯಾಗಿತ್ತು.

ಅಷ್ಟರಲ್ಲಿ ಬೇರೆ ಓಣಿಗಳನ್ನು ಸುತ್ತಿಕೊಂಡು ಕಸದ ಗಾಡಿ ಈ ಓಣಿಗೂ ಬಂತು. ಇಂದು ಅದರಲ್ಲಿ ಹಾಡಿರಲಿಲ್ಲ. ನಿಯಂತ್ರಣ ಕೊಠಡಿಯಿಂದ ಮಾತಾಡುವ ಜಾಲಿಹಾಳರ ದನಿಯಿತ್ತು. ನೀರಿಗೆ ವಿಷ ಬೆರೆಸಿದವರು ಸಿಕ್ಕಿದ್ದಾರೆ, ವಾಸನೆ ನಗರಸಭೆಯೇ ಇಟ್ಟ ಎಚ್ಚರಿಕೆ, ಚೆಲ್ಲದೆ ಉಳಿದಿದ್ದರೆ ಈಗಲೇ ಚೆಲ್ಲಿ, ಕೈಕಾಲು ಹಳೆಯ ನೀರಿನಿಂದ ತೊಳೆದುಕೊಳ್ಳಿ, ಇಷ್ಟು ಹೊತ್ತಿನವರೆಗೆ ಊರಿನಲ್ಲಿ ಒಂದು ಜೀವವೂ ಹೋಗಿಲ್ಲ ಎಂದು ಅದು ಮತ್ತೆ ಮತ್ತೆ ಹೇಳುತ್ತ ಮುಂದೆ ಸರಿಯಿತು.

ಪಕ್ಕದ ಮನೆಯವಳು ಬಚ್ಚಿಟ್ಟ ಬಕೆಟ್ಟನ್ನು ಸದ್ದಿಲ್ಲದೆ ತಂದು ಚರಂಡಿಗೆ ಬಗ್ಗಿಸಿದಳು.

"ಮಂದಾ," ಎಂದಳು ನೀಲವ್ವ, ಸೌಟು ಕೆಳಗಿಳಿಸಿ. "ಹಂಗಾರ ಆ ವಾಸನಿ ನೀನ ಹಾಕಿಸಿದ್ದೇನು?"

"ಹೌದ್ರಿ ಅತ್ತಿ."

"ಮತ್ತ ಓಣಿ ಎಲ್ಲಾ ಇಷ್ಟು ಬೈದ್ರೂ ಸುಮ್ಮನ ನಿಂತೀಯಲ್ಲ?"

"ಇನ್ನಷ್ಟು ಬೈರಿ," ಎಂದಳು ಮಂದಾಕಿನಿ. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಮುಖ ನಗುತ್ತಿತ್ತು. "ಕೇಳಾಕ ಭಾಳ ಹಿತ ಆಗಾಕತ್ತೈತಿ."

ಮಾಳಗಟ್ಟಿಯಲ್ಲಿ ನೀರು ತಡವಾದರೆ ಹೆಂಗಸರು ಖಾಲಿ ಕೊಡ ಹಿಡಿದು ನಗರಸಭೆಯ ಮುಂದೆ ಕೂತು ಅವನ್ನು ಬಡಿಯುವುದುಂಟು. ಊರಿನ ಸಿಟ್ಟಿಗೆ ಇದ್ದ ವಾದ್ಯ ಅದೊಂದೇ. ನೀಲವ್ವ ತಾಟನ್ನು ಕಂಕುಳಲ್ಲಿ ಸಿಕ್ಕಿಸಿ, ಬಾಗಿಲಲ್ಲಿ ಬೋರಲು ಬಿದ್ದಿದ್ದ ತನ್ನ ತಾಮ್ರದ ಕೊಡವನ್ನು ಎತ್ತಿಕೊಂಡಳು. ಸೌಟಿನಿಂದ ಒಂದು ಪೆಟ್ಟು ಹಾಕಿದಳು. ಖಾಲಿ ಕೊಡ ಗಂಟೆಯಂತೆ ಮೊಳಗಿತು. ಎದುರು ಮನೆಯವಳು ತನ್ನ ಕೊಡಕ್ಕೆ ಒಂದು ಹಾಕಿದಳು. ಆಮೇಲೆ ದರ್ಜಿ ಬ್ಯಾರಲ್ಲಿಗೆ, ಮಾಸ್ತರರು ಬಕೆಟ್ಟಿಗೆ. ಸದ್ದು ಓಣಿಯಿಂದ ಓಣಿಗೆ ಹಬ್ಬಿತು, ಗಿರಣಿಯನ್ನು ದಾಟಿತು, ನಿಯಂತ್ರಣ ಕೊಠಡಿಯ ಕಿಟಕಿಯನ್ನು ಮುಟ್ಟಿತು. ಒಂದು ತೊಟ್ಟೂ ನೀರಿಲ್ಲದ ಸಾವಿರ ಕೊಡಗಳು ಬೆಳಗಿನ ಬಿಸಿಲಿನಲ್ಲಿ ಒಟ್ಟಿಗೇ ಮೊಳಗುತ್ತಿದ್ದವು. ಮಂದಾಕಿನಿ ಕೈಗೆ ಸಿಕ್ಕ ತಂಬಿಗೆಯೊಂದನ್ನು ಎತ್ತಿಕೊಂಡು ತಾನೂ ಬಡಿಯತೊಡಗಿದಳು.